ಕೋಳಿಯಿಲ್ಲದ ಕೋರಿ ರೊಟ್ಟಿ, ಮೀನಿರುವ ಬಿಸ್ಕುಟು

ಡಿಸೆಂಬರ್ 21, ಉಡುಪಿ

ಬೆಳಿಗ್ಗೆ ಏಳಕ್ಕೆ ಕರಾವಳಿ ಬೈಪಾಸಿನಲ್ಲಿ ಬಸ್ಸಿಳಿದೆ. ಎಂಟು ಗಂಟೆಗೆಲ್ಲ ಮನೆಯಲ್ಲಿ ಮೊದಲ ಎಡವಟ್ಟು ಆಗಿ ಹೋಗಿತ್ತು.

ನಾನು ಸ್ನಾನಕ್ಕೆ ಹೋಗಿದ್ದೆ. ಅಪ್ಪನಿಗೆ ತಡೆಯಲಿಲ್ಲ, ಬ್ಯಾಗಿನ ಮೇಲೆಯೇ ಇದ್ದ ಚಂದದ ಡಬ್ಬಿ ಬಿಚ್ಚಿದ್ದಾರೆ. ನಾನು ಹೊರಗೆ ಬರುವಾಗ ಒಂದು ಮುಗಿದು ಎರಡನೆಯದು ಅರ್ಧ ಆಗಿತ್ತು. "ಲಾಯ್ಕುಂಟು ಮಾರಾಯ್ತಿ, ನಮ್ಮ ಖಾರಿ ಬಿಸ್ಕುಟಿನ ಹಾಗೆಯೇ. ಸ್ವಲ್ಪ ಸಿಹಿ" ಅಂದರು. ನನ್ನ ಮುಖ ನೋಡಿದ ಅಮ್ಮನಿಗೆ ಏನೋ ಅನುಮಾನ ಬಂತು. "ಅದರ ಮೇಲೆ ಎಂತ ಬರೆದಿದೆ, ಓದು ನೋಡುವಾ" ಅಂದಳು.

ನಾನಿರುವುದು ಜಪಾನಿನ ಹಮಾಮತ್ಸುವಿನಲ್ಲಿ. ಟೋಕಿಯೋ ಮತ್ತು ಒಸಾಕಾ ನಡುವೆ, ಸಮುದ್ರದ ಬದಿಯ ಊರು. ಸುಜುಕಿ, ಯಮಾಹಾ ಎರಡೂ ಅಲ್ಲಿಯವು. ಊರಿನ ಪಕ್ಕದಲ್ಲಿ ಹಮಾನಾ ಎಂಬ ಉಪ್ಪುನೀರಿನ ದೊಡ್ಡ ಸರೋವರ, ಅಲ್ಲಿ ಸಾಕುವ ಹಾವುಮೀನು ಬಹಳ ಹೆಸರುವಾಸಿ. ಜಪಾನಿ ಭಾಷೆಯಲ್ಲಿ ಅದಕ್ಕೆ ಉನಾಗಿ ಎಂದು ಹೆಸರು. ಅಪ್ಪ ತಿನ್ನುತ್ತಿದ್ದದ್ದು ಉನಾಗಿ ಪೈ, 1961ರಿಂದ ಆ ಊರಿನ ಗುರುತೇ ಆಗಿರುವ ಬಿಸ್ಕುಟು. ಪದರ ಪದರ, ಬೆಣ್ಣೆ, ಸಕ್ಕರೆ. ಜೊತೆಗೆ ಹಾವುಮೀನಿನ ಪುಡಿ. ಮೇಲಿನ ಲೇಪಕ್ಕೆ ಬೆಳ್ಳುಳ್ಳಿ.

ನಮ್ಮದು ಬೆಳ್ಳುಳ್ಳಿಯೂ ಒಳಗೆ ಬಾರದ ಮನೆ. ಡಬ್ಬಿಯನ್ನು ಪಕ್ಕದ ಮನೆಯ ಕ್ರಿಶ್ಚಿಯನ್ ಹೆಂಗಸಿಗೆ, ನಾವು ಬಾಯಿ ಅಂತ ಕರೆಯುವವರಿಗೆ, ಕೊಡುವ ಅಂತಲೇ ತಂದದ್ದು. ಸಹೋದ್ಯೋಗಿಯೊಬ್ಬರು ಹೊರಡುವ ದಿನ ಎರಡೂ ಕೈಯಲ್ಲಿ ಹಿಡಿದು "ಮನೆಯವರಿಗೆ" ಎಂದು ಕೊಟ್ಟಾಗ ಬೇಡ ಅನ್ನುವುದು ಹೇಗೆ?

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಹೊಟ್ಟೆಗೆ ಹೋದದ್ದು ಹೋಯಿತು" ಅಂದು, ಉಳಿದರ್ಧವನ್ನು ಕಂಪೌಂಡ್ ಗೋಡೆಯ ಮೇಲೆ ಇಟ್ಟು ಬಂದರು. ತಿಥಿಯ ದಿನ ಎಷ್ಟು ಕರೆದರೂ ಬಾರದ ಕಾಗೆ ಈ ದಿನ ಕರೆಯದೆಯೇ ಬಂತು.

ಡಿಸೆಂಬರ್ 22, ಉಡುಪಿ

ಜಪಾನಿಗೂ ನಮಗೂ ಮೂರೂವರೆ ಗಂಟೆ ವ್ಯತ್ಯಾಸ. ಬೆಳಗಿನ ಜಾವ ಮೂರಕ್ಕೇ ಎಚ್ಚರ. ಅಡುಗೆಮನೆಯಲ್ಲಿ ಅಮ್ಮನ ಜೊತೆ ಕಡುಬು ಬೇಯಿಸುವ ಹಲಸಿನ ಎಲೆಯ ಕೊಟ್ಟೆ ಕಟ್ಟುತ್ತಾ ಕೂತೆ. ಕಡ್ಡಿ ಚುಚ್ಚುವುದು ಕೈಗೆ ಮರೆತೇ ಹೋಗಿದೆ. ನಾಲ್ಕರಲ್ಲಿ ಒಂದು ಸೋರುತ್ತಿತ್ತು.

ಎಲೆ ಅಂದರೆ ನೆನಪಾಯಿತು. ಹಮಾಮತ್ಸುವಿನಲ್ಲಿ ಮೊದಲ ವಸಂತದಲ್ಲಿ ಆಫೀಸಿನಲ್ಲಿ ಸಕುರಾ ಮೋಚಿ ಕೊಟ್ಟರು. ಗುಲಾಬಿ ಬಣ್ಣದ ಅಂಟು ಅಕ್ಕಿಯ ಸಿಹಿ, ಚೆರಿ ಮರದ ಎಲೆಯಲ್ಲಿ ಸುತ್ತಿದ್ದು. ನಾನು ಕಡುಬು ಬಿಡಿಸುವ ಹಾಗೆ ಎಲೆ ಬಿಡಿಸಿ ಬದಿಗಿಟ್ಟೆ. ಸುತ್ತ ಎಲ್ಲರೂ ಎಲೆ ಸಮೇತ ತಿನ್ನುತ್ತಿದ್ದರು. ಅದು ಉಪ್ಪಿನಲ್ಲಿ ಹಾಕಿಟ್ಟ ಎಲೆ, ತಿನ್ನುವಂಥದ್ದೇ. ಕಲಿತೆ ಅಂದುಕೊಂಡೆ. ಮೇ 5ರ ಮಕ್ಕಳ ಹಬ್ಬಕ್ಕೆ ಕಶಿವಾ ಮೋಚಿ ಬಂತು, ಓಕ್ ಎಲೆಯಲ್ಲಿ. ಎಲೆ ಸಮೇತ ಕಚ್ಚಿದೆ. ಈ ಸಲ ಎಲ್ಲರೂ ಎಲೆ ಬಿಡಿಸಿ ಬದಿಗಿಟ್ಟಿದ್ದರು.

ಸಂಜೆ ರಥಬೀದಿಗೆ ಹೋದೆವು. ಜನವರಿ 18ಕ್ಕೆ ಪರ್ಯಾಯ, ಕೃಷ್ಣಮಠದ ಪೂಜೆಯ ಸರದಿ ಒಂದು ಮಠದಿಂದ ಇನ್ನೊಂದಕ್ಕೆ ಹೋಗುವ ದಿನ. ಊರಿಡೀ ಅದೇ ಮಾತು. ಮಧ್ವಸರೋವರದ ಬಳಿ ಸೌದೆಯಲ್ಲೇ ಕಟ್ಟಿದ ರಥ ನೋಡಿ, ಮಿತ್ರ ಸಮಾಜದಲ್ಲಿ ಗೋಳಿಬಜೆ ತಿಂದು ಬಂದೆವು. ಗೋಳಿಬಜೆ ಜಪಾನಿಗೆ ಕಟ್ಟಿಕೊಂಡು ಹೋಗುವ ತಿಂಡಿ ಅಲ್ಲ. ಬಾಣಲೆಯಿಂದ ಇಳಿದು ಹತ್ತು ನಿಮಿಷಕ್ಕೆ ಅದರ ಕಥೆ ಮುಗಿಯಿತು. ಅಲ್ಲಿಯೇ ಮಾಡಿದ್ದೆ ಒಮ್ಮೆ, ಮೈದಾ ಮೊಸರು ಕಲಸಿ. ಕೆಳಗಿನ ಮನೆಯ ಅಜ್ಜಿಗೆ ಬಿಸಿಬಿಸಿ ಕೊಟ್ಟೆ. ಅವರು ಒಂದನ್ನು ಮುರಿದು ಒಳಗೆ ನೋಡಿದರು. ಇನ್ನೊಂದನ್ನು ಮುರಿದರು. ಮೂರನೆಯದಕ್ಕೆ ನಿಧಾನವಾಗಿ ಕೇಳಿದರು, "ಆಕ್ಟೋಪಸ್ ಎಲ್ಲಿ?" ಅವರ ತಾಕೊಯಾಕಿ ನೋಡಲು ಥೇಟ್ ಗೋಳಿಬಜೆಯೇ, ಒಳಗೊಂದು ಆಕ್ಟೋಪಸ್ ತುಂಡು ಇರುತ್ತದೆ. ಪಾಪ, ಮರೆತಿದ್ದೇನೆ ಅಂದುಕೊಂಡರು.

ಡಿಸೆಂಬರ್ 23, ಮಂಗಳೂರು

ಈ ಸಲದ ಪ್ರವಾಸಕ್ಕೆ ಒಂದು ಕೆಲಸ ಇಟ್ಟುಕೊಂಡೇ ಬಂದಿದ್ದೇನೆ. ಆಫೀಸಿನ 26 ಜನರಿಗೆ ತಿಂಡಿ. ಕಳೆದ ಸಲ ಆದ ಮರ್ಯಾದೆ ಸಾಕು.

ಕಳೆದ ಸಲ ಅಮ್ಮ ಮಾಡಿದ ಚಕ್ಕುಲಿ ಒಯ್ದಿದ್ದೆ, ದೊಡ್ಡ ಸ್ಟೀಲ್ ಡಬ್ಬಿ ತುಂಬ. ಒಂದೂ ಮುರಿಯದ ಹಾಗೆ ಮಗುವಿನ ಹಾಗೆ ಹಿಡಿದುಕೊಂಡು. ಆಫೀಸಿನಲ್ಲಿ ಕಾಫಿ ಮಷಿನಿನ ಹತ್ತಿರ ಮುಚ್ಚಳ ತೆಗೆದಿಟ್ಟು, "ಎಲ್ಲರೂ ತಗೊಳ್ಳಿ" ಅಂತ ಚೀಟಿ ಬರೆದೆ. ಸಂಜೆ ನೋಡಿದರೆ ಎರಡೇ ಎರಡು ಕಡಿಮೆ. ಅದರಲ್ಲಿ ಒಂದು ನಾನೇ ತಿಂದದ್ದು. ಅಳು ಬರುವುದೊಂದು ಬಾಕಿ.

ಆಮೇಲೆ ಪಕ್ಕದ ಮೇಜಿನವಳು ಮೆಲ್ಲನೆ ಹೇಳಿದಳು. ಯಾರಿಗೆ ಎಷ್ಟು ಅಂತ ಗೊತ್ತಿಲ್ಲ. ಕೈ ಹಾಕಿ ತೆಗೆಯುವುದಾ, ಚಿಮಟ ಬೇಕಾ ಗೊತ್ತಿಲ್ಲ. ಒಳಗೆ ಏನಿದೆ ಅಂತ ಬರೆದಿಲ್ಲ. ಹಾಗಾಗಿ ಎಲ್ಲರಿಗೂ ಎನ್ರ್ಯೋ, ಅಂದರೆ ಸಂಕೋಚ. ಅಲ್ಲಿ ಊರಿಗೆ ಹೋಗಿ ಬಂದವರು ತರುವ ತಿಂಡಿಗೆ ಒಮಿಯಾಗೆ ಎಂದು ಹೆಸರು. ಬರೆಯುವ ಎರಡು ಅಕ್ಷರ ಬಿಡಿಸಿದರೆ ಒಂದು ಮಣ್ಣು, ಇನ್ನೊಂದು ಹುಟ್ಟಿದ್ದು. ಆ ಊರಿನ ಮಣ್ಣಲ್ಲಿ ಹುಟ್ಟಿದ್ದು ಅಂತ. ಇಷ್ಟು ಚಂದದ ಶಬ್ದ, ಆದರೆ ಆ ಮಣ್ಣಲ್ಲಿ ಹುಟ್ಟಿದ್ದು ಒಂದೊಂದೇ ಪ್ಲಾಸ್ಟಿಕ್ ಅಂಗಿ ಹಾಕಿಕೊಂಡು ಬರಬೇಕು. ಒಂದೊಂದು ಮೇಜಿನ ಮೇಲೆ ಒಂದೊಂದು. ಆಗ ಸಂಕೋಚದ ಮಾತೇ ಇಲ್ಲ.

ಸರಿ, ಎಕ್ಸ್‌ಪ್ರೆಸ್ ಬಸ್ಸು ಹತ್ತಿದೆ. "ಕುಡ್ಲ ಕುಡ್ಲ ಕುಡ್ಲ" ಅನ್ನುವ ಕಂಡಕ್ಟರ್ ಕೂಗಿಗೇ ಅರ್ಧ ಸುಸ್ತು ಇಳಿಯಿತು. ಕಾಪು, ಪಡುಬಿದ್ರಿ, ಮೂಲ್ಕಿ, ಸುರತ್ಕಲ್ ಒಂದೇ ಉಸಿರಿಗೆ ಹೋದವು. ಹಂಪನಕಟ್ಟೆಯಲ್ಲಿ ಇಳಿದು ಕಾರ್‌ಸ್ಟ್ರೀಟಿಗೆ ನಡೆದೆ. ವೆಂಕಟರಮಣ ದೇವಸ್ಥಾನದ ಆಚೆ ಈಚೆ ಹಪ್ಪಳ, ಸಂಡಿಗೆ, ಉಪ್ಪಿನಕಾಯಿ ವಾಸನೆ ಈಗಲೂ ಹಾಗೆಯೇ ಉಂಟು.

ಒಂದು ಹಳೆ ಅಂಗಡಿಗೆ ಹೊಕ್ಕೆ. ಕೊಂಕಣಿ ಮಾಮ್ ಕನ್ನಡಕದ ಮೇಲಿಂದ ನೋಡಿ, "ಎಲ್ಲಿಗೆ? ದುಬಾಯಿಗಾ?" ಅಂದರು. ಇಲ್ಲಿ ಯಾರಾದರೂ ಜಾಸ್ತಿ ತಿಂಡಿ ಕೇಳಿದರೆ ಗಲ್ಫಿಗೆ ಅಂತಲೇ ಲೆಕ್ಕ.

"ಅಲ್ಲ ಮಾಮ್, ಜಪಾನಿಗೆ."

"ಅಲ್ಲಿ ಕೂಡ ನಮ್ಮವರಿದ್ದಾರಾ?"

"ನಮ್ಮವರಿಗಲ್ಲ. ಅಲ್ಲಿಯವರಿಗೇ."

ಮಾಮ್ ಕೈ ನಿಲ್ಲಿಸಿದರು. ತೂಕಕ್ಕೆ ಹಾಕಿದ್ದ ಖಾರಕಡ್ಡಿ ವಾಪಸ್ ಡಬ್ಬಕ್ಕೆ ಸುರಿದರು. "ಹಾಗಾದ್ರೆ ಇದು ಬೇಡ. ಕೂತ್ಕೊಳ್ಳಿ" ಅಂದರು. ಆಮೇಲೆ ಅರ್ಧ ಗಂಟೆ ನಡೆದದ್ದು ವ್ಯಾಪಾರವೋ ಹೆಣ್ಣು ನೋಡುವ ಶಾಸ್ತ್ರವೋ ಗೊತ್ತಿಲ್ಲ. ಖಾರ ತಿನ್ನುತ್ತಾರಾ? ನಮ್ಮ ಆಫೀಸಿನಲ್ಲಿ ಮೂರು ಜನ ಬಿಟ್ಟರೆ ಇಲ್ಲ. ಸಿಹಿ? ಹೋಳಿಗೆ ಕೊಟ್ಟರೆ "ಅಮಾಯ್", ಸಿಹಿ ಜಾಸ್ತಿ ಅಂತ ಕಣ್ಣು ಮುಚ್ಚುತ್ತಾರೆ. ತೆಂಗಿನೆಣ್ಣೆ ವಾಸನೆ ಆಗುತ್ತದಾ? ಆಗುತ್ತದೆ, ಬಾಳೆಕಾಯಿ ಚಿಪ್ಸ್ ಕೊಟ್ಟರೆ ಪ್ಯಾಕೆಟ್ಟಿನ ಪುಡಿ ಕೂಡ ಬಿಡುವುದಿಲ್ಲ. ಮಾಂಬಳ? ಒಣಗಿಸಿದ ಮಾವಿನ ರಸದ ಆ ಹಾಳೆ ಅವರ ಒಣಗಿಸಿದ ಪರ್ಸಿಮನ್ ಹಣ್ಣಿನ ಹಾಗೆ ಅಂತ ಅಜ್ಜಿ ಹೇಳಿದ್ದಾರೆ. ಆದರೆ ನೋಡಲು ಚಪ್ಪಲಿ ಮಾಡುವ ಚರ್ಮದ ಹಾಗಿದೆ ಅಂತ ಹುಡುಗನೊಬ್ಬ ನಕ್ಕಿದ್ದ. ಸುಳ್ಳಲ್ಲ.

ಹಲಸಿನ ಹಪ್ಪಳದ ಕಟ್ಟು ತೆಗೆದಿಟ್ಟರು. ಎಣ್ಣೆ ಬೇಡ, ಮೈಕ್ರೊವೇವಿನಲ್ಲಿ ಒಂದು ನಿಮಿಷ ಸಾಕು, ಅರಳುತ್ತದೆ. ಅದನ್ನು ಹೇಳಿದ್ದಕ್ಕೆ ಮಾಮ್‌ಗೆ ಬೇಸರವಾಯಿತು ಅಂತ ಕಾಣುತ್ತದೆ. "ಎಣ್ಣೆಯಲ್ಲಿ ಹಾಕದ್ದು ಹಪ್ಪಳವಾ?" ಅಂದರು.

ಕೊನೆಗೆ ಮೇಲಿನ ಅಟ್ಟದಿಂದ ಹುಡುಗ ಒಂದು ಕಟ್ಟು ಇಳಿಸಿದ. ಕೋರಿ ರೊಟ್ಟಿ. ಅಕ್ಕಿ ಅರೆದು ಕಾಗದದಷ್ಟು ತೆಳ್ಳಗೆ ಹರಡಿ ಗರಿಗರಿ ಮಾಡಿದ್ದು. ಮಾಮ್ ಒಂದು ಮೂಲೆ ಮುರಿದು ಕೊಟ್ಟರು. ಟಪ್ ಅಂತ ಸದ್ದು. ಬಾಯಿಗೆ ಹಾಕಿದರೆ ಅಕ್ಕಿ, ಚೂರು ಉಪ್ಪು, ಬೇರೇನಿಲ್ಲ. ಇಷ್ಟು ವರ್ಷ ಹೊಳೆದೇ ಇರಲಿಲ್ಲ. ಜಪಾನಿನವರು ದಿನಾ ಚಹಾದ ಜೊತೆ ತಿನ್ನುವುದು ಸೆಂಬೆ, ಅದೂ ಅಕ್ಕಿಯದ್ದೇ ಗರಿಗರಿ. ಖಾರ ಇಲ್ಲ, ಸಿಹಿ ಇಲ್ಲ, ಎಣ್ಣೆ ಇಲ್ಲ. ನಾವು ಇದನ್ನು ತಿಂಡಿ ಅಂತ ಲೆಕ್ಕಕ್ಕೇ ಹಿಡಿದಿಲ್ಲ, ಕೋಳಿ ಸಾರು ಸುರಿಯಲು ಒಂದು ನೆಪ ಅಷ್ಟೆ.

"ಒಂದೊಂದೇ ಪ್ಯಾಕ್ ಮಾಡಿ ಕೊಡ್ತೀರಾ ಮಾಮ್?"

"ಕ್ರಿಸ್ಮಸ್ ರಶ್ ಉಂಟು. ಒಂದೊಂದೇ ಕಟ್ತಾ ಕೂತರೆ ಅಂಗಡಿ ಯಾರು ನೋಡುವುದು?" ಅಂದು ಖಾಲಿ ಪ್ಲಾಸ್ಟಿಕ್ ಕವರಿನ ಕಟ್ಟೊಂದನ್ನು ಸುಮ್ನೆ ಮೇಲಿಂದ ಹಾಕಿದರು. ಬರುವಾಗ ಗಡ್‌ಬಡ್ ಐಸ್‌ಕ್ರೀಮ್ ತಿಂದೆ. ಉದ್ದ ಗಾಜಿನ ಲೋಟ, ಉದ್ದ ಚಮಚ, ತಳದ ಜೆಲ್ಲಿ ಎಂದಿನಂತೆ ಕೈಗೆ ಸಿಗಲಿಲ್ಲ.

ಡಿಸೆಂಬರ್ 24, ಉಡುಪಿ

ಅಮ್ಮ ರೊಟ್ಟಿಯ ಕಟ್ಟಿನ ಮೇಲಿನ ಚೀಟಿ ಓದಿದಳು. "ಕೋರಿ ಅಂತ ಬರೆದಿದೆಯಲ್ಲ!"

ತುಳುವಿನಲ್ಲಿ ಕೋರಿ ಅಂದರೆ ಕೋಳಿ. "ಅಕ್ಕಿ ಮಾತ್ರ ಅಮ್ಮ ಅದು. ಕೋಳಿ ಬರುವುದು ಆಮೇಲೆ, ಸಾರಿನಲ್ಲಿ."

"ಮೊನ್ನೆಯೂ ಬಿಸ್ಕುಟು ಅಂತಲೇ ಹೇಳಿದ್ದು" ಅಂದಳು. ಅಪ್ಪ ಪೇಪರಿನಿಂದ ತಲೆ ಎತ್ತಲಿಲ್ಲ.

ರಾತ್ರಿ ಊಟವಾದ ಮೇಲೆ ಶುರು ಮಾಡಿದೆವು. ಕವರಿನ ಬಾಯಿ ಮುಚ್ಚುವುದು ಹೇಗೆ? ಸ್ಟೇಪ್ಲರ್ ಹಾಕಿದರೆ ಗಾಳಿ ಹೋಗಿ ರೊಟ್ಟಿ ಮೆತ್ತಗಾಗುತ್ತದೆ. ಅಂಟುಪಟ್ಟಿ ನೋಡಲು ಚಂದ ಇಲ್ಲ. ಆಗ ಅಮ್ಮ ದೇವರ ಕೋಣೆಯಿಂದ ಬೆಂಕಿಪೆಟ್ಟಿಗೆ, ಕಪಾಟಿನಿಂದ ಮೇಣದ ಬತ್ತಿ, ಅಪ್ಪನ ಸಾಮಾನಿನ ಪೆಟ್ಟಿಗೆಯಿಂದ ಗರಗಸದ ಒಂದು ಹಳೆ ಬ್ಲೇಡು ತಂದಳು. ಚಿಕ್ಕಂದಿನಲ್ಲಿ ದೊಡ್ಡಮ್ಮನ ಮನೆಯಲ್ಲಿ ಅಂಗಡಿಗೆ ಕೊಡುವ ಉಪ್ಪಿನಕಾಯಿ ಪ್ಯಾಕೆಟ್ ಮಾಡುತ್ತಿದ್ದದ್ದು ಹೀಗೆಯೇ ಅಂತೆ. ಕವರಿನ ಅಂಚನ್ನು ಬ್ಲೇಡಿನ ಮೇಲೆ ಮಡಚಿ, ಕೂದಲೆಳೆಯಷ್ಟು ಮಾತ್ರ ಹೊರಗೆ ಬಿಡಬೇಕು. ಆ ಎಳೆಯನ್ನು ಜ್ವಾಲೆಯ ತುದಿಗೆ ತಾಗಿಸಿ ಸರ್ರ್ ಅಂತ ಎಳೆಯಬೇಕು. ನಿಧಾನ ಮಾಡಿದರೆ ಕಪ್ಪು ಹಿಡಿಯುತ್ತದೆ, ಅವಸರ ಮಾಡಿದರೆ ಅಂಟುವುದಿಲ್ಲ. ಸರಿಯಾದರೆ ಒಂದು ಸಣ್ಣ ಮಣಿಮಾಲೆಯ ಹಾಗೆ ಅಂಚು ನಿಲ್ಲುತ್ತದೆ. ನಾನು ಹಾಳು ಮಾಡಿದ್ದು ಒಂಬತ್ತು. ಅಮ್ಮ ಒಂದೂ ಇಲ್ಲ.

ಪ್ರತಿಯೊಂದರಲ್ಲಿ ಅಂಗೈಯಷ್ಟಗಲದ ಎರಡು ರೊಟ್ಟಿ ತುಂಡು, ಜೊತೆಗೆ ನಾನು ಜಪಾನಿ ಭಾಷೆಯಲ್ಲಿ ಬರೆದ ಪುಟ್ಟ ಚೀಟಿ. ಹೆಸರು, ಅಕ್ಕಿ, ಉಪ್ಪು. ಗೋಧಿ ಇಲ್ಲ, ನೆಲಗಡಲೆ ಇಲ್ಲ, ಹಾಲು ಇಲ್ಲ, ಮೊಟ್ಟೆ ಇಲ್ಲ. ಅಲ್ಲಿ ಅಂಗಡಿಯ ಪ್ಯಾಕೆಟ್ಟಿನಲ್ಲಿ ಅಲರ್ಜಿಯ ವಸ್ತುಗಳನ್ನು ಕಡ್ಡಾಯವಾಗಿ ಬರೆದಿರುತ್ತಾರೆ, ನೋಡಿ ಅಭ್ಯಾಸ.

"ಇದೆಂತ, ಪ್ರಸಾದದ ಹಾಗೆ ಒಬ್ಬೊಬ್ಬರಿಗೆ ಒಂದೊಂದು ಪೊಟ್ಟಣ" ಅಂದಳು ಅಮ್ಮ. ಸ್ವಲ್ಪ ಹೊತ್ತು ಬಿಟ್ಟು, "ಚಕ್ಕುಲಿಯೂ ಹೀಗೆ ಕಟ್ಟಿದ್ದರೆ ತಿನ್ನುತ್ತಿದ್ದರಾ?" ಕಳೆದ ಸಲದ ಕಥೆ ಅವಳಿಗೆ ಹೇಳಬಾರದಿತ್ತು. ವರ್ಷವಿಡೀ ಮನಸ್ಸಿನಲ್ಲಿ ಇಟ್ಟುಕೊಂಡಿದ್ದಾಳೆ. ರಾತ್ರಿ ಹನ್ನೊಂದಕ್ಕೆ ಬೇಡವೆಂದರೂ ಕೇಳದೆ ಚಕ್ಕುಲಿಯ ಡಬ್ಬ ಇಳಿಸಿದಳು. ಅದೂ 26 ಆಯಿತು.

ಡಿಸೆಂಬರ್ 25

ಬೆಳಿಗ್ಗೆ ಬಾಯಿ ಬಂದರು. ರಾತ್ರಿ ಪೂಜೆ ಮುಗಿಸಿ ಮಲಗಿದ್ದು ಎರಡು ಗಂಟೆಗಂತೆ, ಆದರೂ ಎಂಟಕ್ಕೆ ಕುಸ್ವಾರಿನ, ಅಂದರೆ ಕ್ರಿಸ್ಮಸ್ ತಿಂಡಿಗಳ, ತಟ್ಟೆ ನಮ್ಮ ಜಗಲಿಯಲ್ಲಿ. ನೆವ್ರಿ, ಗುಳಿಯೊ, ಕೊಕ್ಕಿಸಾಂ, ಕಿಡ್ಯೊ. ನಮ್ಮ ಮನೆಗೆ ಮಾತ್ರ ಪ್ರತಿ ವರ್ಷ ಮೊಟ್ಟೆ ಹಾಕದ್ದು ಬೇರೆಯೇ ಮಾಡಿಡುತ್ತಾರೆ, ಕೇಕ್ ಇಡುವುದಿಲ್ಲ. ಇದನ್ನು ಯಾರೂ ಯಾರಿಗೂ ಬಾಯಿಬಿಟ್ಟು ಹೇಳಿದ್ದಲ್ಲ.

"ನಿನ್ನ ಬಿಸ್ಕುಟು ಒಂದೇ ದಿನಕ್ಕೆ ಖಾಲಿ ಮಗಾ" ಅಂದರು. "ಎಂತ ಮೀನು ಅದು, ಗೊತ್ತೇ ಆಗುವುದಿಲ್ಲ."

"ಹೌದು, ಗೊತ್ತೇ ಆಗುವುದಿಲ್ಲ" ಅಂದರು ಒಳಗಿನಿಂದ ಅಪ್ಪ.

ತಟ್ಟೆ ಖಾಲಿ ಹಿಂದೆ ಕೊಡುವ ಹಾಗಿಲ್ಲ. ಅಮ್ಮ ಉಳಿದ ಚಕ್ಕುಲಿ ತುಂಬಿಸಿ ಕೊಟ್ಟಳು. ಹಮಾಮತ್ಸುವಿನಲ್ಲಿ ಗೋಳಿಬಜೆ ತಿಂದ ಅಜ್ಜಿಯೂ ಹೀಗೆಯೇ. ನನ್ನ ಡಬ್ಬಿ ಮೂರು ದಿನಕ್ಕೆ ವಾಪಸ್ ಬಂತು, ತೊಳೆದು, ಬಟ್ಟೆಯಲ್ಲಿ ಗಂಟು ಕಟ್ಟಿ, ಒಳಗೆ ಮಿಕಾನ್ ಕಿತ್ತಳೆ. ನಾನು ಅದರಲ್ಲಿ ಬಾಳೆಕಾಯಿ ಚಿಪ್ಸ್ ತುಂಬಿಸಿ ಕೊಟ್ಟೆ. ಅವರು ಹಸಿರು ಚಹಾ ಪುಡಿ ಕೊಟ್ಟರು. ಆ ಡಬ್ಬಿ ಈಗ ಯಾರ ಮನೆಯಲ್ಲಿದೆ ಅಂತ ನೆನಪಿಲ್ಲ.

ಸ್ವಲ್ಪ ಗುಳಿಯೊ, ಕಿಡ್ಯೊ ನನ್ನ ಬ್ಯಾಗಿಗೆ ಹೋಯಿತು. ಕಿಡ್ಯೊ ಅಂದರೆ ಕೊಂಕಣಿಯಲ್ಲಿ ಹುಳ. ಆ ಅರ್ಥವನ್ನು ಚೀಟಿಯಲ್ಲಿ ಬರೆಯುವುದು ಬೇಡ ಅಂತ ತೀರ್ಮಾನ ಮಾಡಿದೆ.

ಡಿಸೆಂಬರ್ 28, ಮಲ್ಪೆ

ಎರಡು ದಿನ ನೆಂಟರ ಮನೆ ಸುತ್ತಾಟ, ಬರೆಯುವಂಥದ್ದು ಏನಿಲ್ಲ. ಇವತ್ತು ಮಲ್ಪೆ. ವರ್ಷದ ಕೊನೆಯ ಭಾನುವಾರ, ಮರಳಿಗಿಂತ ಜನ ಜಾಸ್ತಿ. ಚರ್ಮುರಿಯವನು ಕಾಗದದ ಪೊಟ್ಟಣದಲ್ಲಿ ತೆಂಗಿನೆಣ್ಣೆ ಹಾಕಿ ಕಲಸಿ ಕೊಟ್ಟ. ಚಮಚದ ಬದಲು ಒಂದು ರಟ್ಟಿನ ತುಂಡು. ಹತ್ತು ಜನರ ಗುಂಪು ಒಂದೇ ಪೊಟ್ಟಣಕ್ಕೆ ಕೈ ಹಾಕುತ್ತಿತ್ತು.

ಡಿಸೆಂಬರ್ 29, 30

23 ಕೆ.ಜಿ.ಯ ಎರಡು ಪೆಟ್ಟಿಗೆ. ಬಾತ್‌ರೂಮಿನ ತೂಕದ ಮಷಿನು, ನಾನು ಪೆಟ್ಟಿಗೆ ಹಿಡಿದು ನಿಲ್ಲುವುದು, ಅಪ್ಪ ಬಗ್ಗಿ ಓದುವುದು. ಪೆಟ್ಟಿಗೆ ಮುಚ್ಚಿದ ಮೇಲೆ ಅಮ್ಮ ಗುಟ್ಟಿನಲ್ಲಿ ಏನೇನು ತುರುಕಿದ್ದಾಳೆ ಅಂತ ಮತ್ತೆ ಬಿಚ್ಚಿ ನೋಡಿದೆ. ಕರಿಬೇವಿನ ಸೊಪ್ಪು. ಸಸ್ಯ ತಪಾಸಣೆಯ ಸರ್ಟಿಫಿಕೇಟು ಇಲ್ಲದ ಹಸಿ ಎಲೆ ಅಲ್ಲಿ ಒಳಗೆ ಬಿಡುವುದಿಲ್ಲ, ತೆಗೆದೆ. ಸೀರೆಯ ಮಡಿಕೆಯಲ್ಲಿ ಎರಡು ಕೊಬ್ಬರಿ. ಎಣ್ಣೆಯಂಶ ಜಾಸ್ತಿ ಅಂತ ಅದು ವಿಮಾನದಲ್ಲಿ ಬೆಂಕಿ ಹಿಡಿಯುವ ವಸ್ತುಗಳ ಪಟ್ಟಿಯಲ್ಲಿದೆ. ಅದನ್ನೂ ತೆಗೆದೆ. "ತೆಂಗಿನಕಾಯಿಗೆ ಹೆದರುವ ವಿಮಾನದಲ್ಲಿ ನೀನು ಹೋಗುವುದಾ?" ಅಂದರು ಅಪ್ಪ.

ಡಿಸೆಂಬರ್ 31, ನರಿತಾ

ಸಾಮಾನು ಬರುವ ಜಾಗದಲ್ಲಿ ಬೀಗಲ್ ನಾಯಿಯೊಂದು ಹಸಿರು ಅಂಗಿ ಹಾಕಿ ತಿರುಗುತ್ತಿತ್ತು. ಮಾಂಸ, ಹಣ್ಣು ಹುಡುಕುವ ಡ್ಯೂಟಿ ಅದಕ್ಕೆ. ನನ್ನ ಪೆಟ್ಟಿಗೆಯ ಹತ್ತಿರ ಬಂದು ಹಲಸಿನ ಹಪ್ಪಳ ಇದ್ದ ಮೂಲೆಗೆ ಮೂಗು ಇಟ್ಟಿತು. ತಲೆ ಓರೆ ಮಾಡಿತು. ಇದೇನು ಅಂತ ಅದಕ್ಕೂ ತಿಳಿಯಲಿಲ್ಲವೋ ಏನೋ, ಮುಂದೆ ಹೋಯಿತು. ಕಸ್ಟಮ್ಸಿನವರು ಒಂದು ಪೊಟ್ಟಣ ಎತ್ತಿ ಬೆಳಕಿಗೆ ಹಿಡಿದು, ಮೇಣದ ಬತ್ತಿಯ ಅಂಚಿನ ಮೇಲೆ ಬೆರಳಾಡಿಸಿ, "ಇದು?" ಅಂದರು. "ಸೆಂಬೆ" ಅಂದೆ. ನಕ್ಕು ಬಿಟ್ಟರು.

ಜನವರಿ 5, ಹಮಾಮತ್ಸು

ಎಲ್ಲರಿಗಿಂತ ಮೊದಲು ಆಫೀಸಿಗೆ ಹೋಗಿ 26 ಮೇಜಿನ ಮೇಲೆ ಒಂದೊಂದು ರೊಟ್ಟಿ ಪೊಟ್ಟಣ, ಒಂದೊಂದು ಚಕ್ಕುಲಿ ಇಟ್ಟೆ. ಹತ್ತು ಗಂಟೆಗೆ ಎಲ್ಲ ಕಡೆಯಿಂದ ಟಪ್ ಟಪ್ ಸದ್ದು. ಚಕ್ಕುಲಿ ಹನ್ನೊಂದಕ್ಕೆ ಮುಗಿಯಿತು. ಒಬ್ಬ ಅದರ ಸುತ್ತು ಎಣಿಸಿ, ಕೈಯಲ್ಲಿ ಮಾಡಿದ್ದಾ ಅಂತ ಕೇಳಿದ. ಅಮ್ಮ ಮಾಡಿದ್ದು ಅಂದಾಗ ಖಾಲಿ ಪೊಟ್ಟಣಕ್ಕೇ ತಲೆ ಬಾಗಿಸಿದ. ಅಮ್ಮನಿಗೆ ತಕ್ಷಣ ಮೆಸೇಜು ಹಾಕಿದೆ. ಊರಲ್ಲಿ ಆಗ ಬೆಳಿಗ್ಗೆ ಏಳೂವರೆ. "ಕವರ್ ಕಟ್ಟಿದ್ದಕ್ಕೆ" ಅಂತ ಉತ್ತರ ಬಂತು.

ಮಧ್ಯಾಹ್ನ ನಮ್ಮ ಸೆಕ್ಷನ್ನಿನ ಮುಖ್ಯಸ್ಥರು, ಎಲ್ಲರೂ ಕಚೋ ಅಂತ ಕರೆಯುವವರು, ಊಟದ ಡಬ್ಬಿ ಬಿಚ್ಚಿ ಮಿಸೋ ಸಾರಿಗೆ ಬಿಸಿನೀರು ಹಾಕಿಕೊಂಡರು. ರೊಟ್ಟಿಯ ತುಂಡು ಕೈಯಲ್ಲಿ ಹಿಡಿದು ಸ್ವಲ್ಪ ಯೋಚನೆ ಮಾಡಿದರು. ಮುರಿದು ಸಾರಿಗೆ ಹಾಕಿದರು. ಅರ್ಧ ಮೆತ್ತಗೆ, ಅರ್ಧ ಗರಿಗರಿ ಇರುವಾಗಲೇ ತೆಗೆದು ತಿಂದರು. ನಾನು ಯಾರಿಗೂ ಹೇಳಿಕೊಟ್ಟಿರಲಿಲ್ಲ. ಮಂಗಳೂರಿನ ಯಾವ ಹೋಟೆಲಿನಲ್ಲಿ ಕೂರಿಸಿದರೂ ಪಾಸಾಗುತ್ತಿದ್ದರು.

ಸಂಜೆ ಐಸ್ ತೆಗೆಯಲು ಪ್ಯಾಂಟ್ರಿಯ ಫ್ರಿಜ್ ತೆರೆದೆ. ಫ್ರೀಜರಿನಲ್ಲಿ ಸಾಲಾಗಿ ಐದು ಪೊಟ್ಟಣ, ಅಮ್ಮನ ಮೇಣದ ಬತ್ತಿಯ ಅಂಚಿನವು. ತಲೆ ಕೆರೆದುಕೊಂಡೆ. ಆಮೇಲೆ ಚೀಟಿ ನೋಡಿದೆ. 'ಕೋರಿ' ಅಂತ ಜಪಾನಿ ಅಕ್ಷರದಲ್ಲಿ ನಾನೇ ಬರೆದಿದ್ದೇನೆ. ಅವರ ಭಾಷೆಯಲ್ಲಿ ಅದನ್ನು ಓದಿದರೆ ಮಂಜುಗಡ್ಡೆ.